ಹೊನ್ನಿನ ಹುಡಿ

ಜಪಾನಿನ ಸಿರಿವಂತರ ಪೆಟ್ಟಿಗೆ ಕರಂಡಕಗಳನ್ನು ಸಿಂಗರಿಸುತ್ತಿದ್ದ 'ಮಕಿಎ' ಕಲೆಯು ಇಂದು ಗಾಜಿನ ಲೋಟಕ್ಕೂ ಉಕ್ಕಿನ ಬಟ್ಟಲಿಗೂ ಇಳಿದುಬಂದಿದೆ. ಇದರಿಂದ ಕಲೆಯ ಘನತೆ ಕುಂದಿತೆಂದು ಕೊರಗುವವರುಂಟು. ಆ ಕೊರಗಿನಲ್ಲಿ ಹುರುಳಿಲ್ಲ. ಪಾನಪಾತ್ರೆಯು ಈ ಕಲೆಗೆ ಹೊಸದಲ್ಲ. ಮರದ ಬಟ್ಟಲುಗಳ ಮೇಲೆ ಅದು ಶತಮಾನಗಳಿಂದ ಮೆರೆದಿದೆ.

ಮಕಿಎ ಎಂದರೆ ಉದುರಿಸಿದ ಚಿತ್ರ. ಉರುಶಿ ಮರದ ರಸದಿಂದ ಚಿತ್ರವನ್ನು ಬರೆದು, ಅದು ಹಸಿಯಾಗಿರುವಾಗಲೇ ಚಿನ್ನದ ಹುಡಿಯನ್ನು ಸಣ್ಣ ಕೊಳವೆಯಿಂದ ಉದುರಿಸುತ್ತಾರೆ. ಈ ರಸದ ಗುಣವೇ ವಿಚಿತ್ರ: ತೇವವುಳ್ಳ ಬೆಚ್ಚನೆಯ ಗಾಳಿಯಲ್ಲಿಯೇ ಅದು ಚೆನ್ನಾಗಿ ಗಟ್ಟಿಯಾಗುತ್ತದೆ! ಹತ್ತು ಹದಿನೈದು ವರ್ಷ ಬೆಳೆದ ಮರವೊಂದು ಕೊಡುವ ರಸವಾದರೋ ಸುಮಾರು 200 ಗ್ರಾಂ ಮಾತ್ರ. ಇಷ್ಟು ಕಷ್ಟದಿಂದ ಆದ ವಸ್ತು ಕಪಾಟಿನಲ್ಲಿ ಕುಳಿತಿರುವುದಕ್ಕಿಂತ ದಿನವೂ ಕೈಗೆ ಬರುವುದು ಲೇಸಲ್ಲವೆ?

ಆಕ್ಷೇಪಿಸಬೇಕಾದುದು ಬೇರೆಯೇ ಇದೆ. ಅಚ್ಚಿನಿಂದ ಒತ್ತಿದ ಚಿತ್ರಗಳೂ ಮಕಿಎ ಎಂಬ ಹೆಸರಿನಲ್ಲಿಯೇ ಮಾರಾಟವಾಗುವುದುಂಟು. 2024ರ ಜನವರಿ 1ರ ಭೂಕಂಪದಲ್ಲಿ, ಉರುಶಿ ಕೆಲಸಕ್ಕೆ ಹೆಸರಾದ ವಾಜಿಮಾ ಪಟ್ಟಣದ ಅನೇಕ ಕಾರ್ಯಾಗಾರಗಳು ಕುಸಿದುಬಿದ್ದವು. ಕೆಲವು ಸುಟ್ಟೂ ಹೋದವು. ಅಲ್ಲಿ ಮತ್ತೆ ಕುಂಚ ಹಿಡಿದವರ ಕೈಕೆಲಸಕ್ಕೂ ಕ್ಷಣಮಾತ್ರದಲ್ಲಿ ಒತ್ತಿದ ಅಚ್ಚಿಗೂ ಅಂಗಡಿಯಲ್ಲಿ ಒಂದೇ ಹೆಸರಿರುವುದು ನ್ಯಾಯವಲ್ಲ.