ಶೆಡ್ಡಿನಲ್ಲಿ ನಿಂತ ಜೀಪಿಗೆ ರಸ್ತೆಗೆ ಬರುವ ದಾರಿ ಬಿಡಿ

ವರ್ಷಗಟ್ಟಲೆ ನಿಂತ ಜೀಪನ್ನು ರಿಪೇರಿ ಮಾಡಿಸಿ, ದಾಖಲೆ ಸರಿಪಡಿಸಿಕೊಂಡು ಓಡಿಸಬೇಕೆಂದು ಹೊರಟವನಿಗೆ ನಮ್ಮ ಸಾರಿಗೆ ನಿಯಮಗಳು ಹೆಜ್ಜೆ ಹೆಜ್ಜೆಗೂ ದಂಡ ಹಾಕುತ್ತವೆ. ದಾಖಲೆಯ ಗೊಡವೆಗೇ ಹೋಗದೆ ದಿನವೂ ಓಡಿಸುವವನು ಸಿಕ್ಕಿಬಿದ್ದ ದಿನ ಮಾತ್ರ ಕಟ್ಟುತ್ತಾನೆ. ಕೊಡಗಿನಂಥ ಜಿಲ್ಲೆಯಲ್ಲಿ ಇದರಿಂದ ಆಗುತ್ತಿರುವ ಅನಾಹುತವನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಇಲ್ಲಿ ಜೀಪು ಶೋಕಿಯ ವಸ್ತುವಲ್ಲ. ಮಳೆಗಾಲದಲ್ಲಿ ತೋಟದ ಏರು ಹತ್ತಲು, ಕುಯ್ಲಿನ ಹೊತ್ತಿಗೆ ಹಣ್ಣಿನ ಚೀಲಗಳನ್ನು ಕಣಕ್ಕೆ ತರಲು, ರಾತ್ರಿ ಹೊತ್ತಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಗೆ ಒಯ್ಯಲು ಬೇರೆ ಗಾಡಿ ಆಗುವುದಿಲ್ಲ. ಹಾಗಿದ್ದೂ ಎಷ್ಟೋ ಜೀಪುಗಳು ಶೆಡ್ಡು ಸೇರಿವೆ. ಕಾರಣ ಬಹಳ ಸಲ ಎಂಜಿನ್ ಅಲ್ಲ, ಕಾಗದ. ಆರ್‌ಸಿ ಒಕ್ಕದ ಹಿರಿಯರ ಹೆಸರಿನಲ್ಲಿರುತ್ತದೆ, ಅವರು ತೀರಿಕೊಂಡಿರುತ್ತಾರೆ. ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾವಣೆ ಕೇಳಬೇಕೆಂದು ಕಾನೂನು ಹೇಳುತ್ತದೆ. ಮಕ್ಕಳಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸೇನೆಯಲ್ಲಿ. ಎಲ್ಲರ ಸಹಿ ಒಂದು ಕಾಗದದ ಮೇಲೆ ಬೀಳುವಷ್ಟರಲ್ಲಿ ಎಫ್‌ಸಿ, ವಿಮೆ ಎರಡೂ ಮುಗಿದಿರುತ್ತವೆ.

ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ದೆಹಲಿಯಲ್ಲಿದ್ದಂತೆ ವಯಸ್ಸಿನ ಕಾರಣಕ್ಕೇ ಗಾಡಿಯನ್ನು ರಸ್ತೆಯಿಂದ ಇಳಿಸುವ ಕಟ್ಟಳೆ ಕರ್ನಾಟಕದಲ್ಲಿಲ್ಲ. ಅಂದರೆ ಹಳೆಯ ಜೀಪು ಓಡಿಸುವುದು ತಪ್ಪಲ್ಲ. ಆದರೆ ಅದಕ್ಕೆ ಕಟ್ಟಬೇಕಾದ ಹಣ ನೋಡಿ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 20 ವರ್ಷ ದಾಟಿದ ಕಾರು, ಜೀಪುಗಳಿಗೆ ಅದನ್ನು 10,000ಕ್ಕೆ ಏರಿಸಿತು. ಜೊತೆಗೆ ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ. ಮೂರು ವರ್ಷ ತಡವಾದರೆ ವಿಳಂಬಕ್ಕೇ 18,000. ಸಣ್ಣ ಬೆಳೆಗಾರನೊಬ್ಬ ಗ್ಯಾರೇಜಿನ ಬಿಲ್ಲು, ವಿಮೆ, ಹಸಿರು ತೆರಿಗೆ ಎಲ್ಲವನ್ನೂ ಕೂಡಿಸಿ ನೋಡಿದರೆ ಜೀಪಿನ ಬೆಲೆಯ ಹತ್ತಿರ ಹೋಗುತ್ತದೆ. ಅವನು ಕ್ಯಾಲ್ಕುಲೇಟರ್ ಕೆಳಗಿಟ್ಟು, ಹಾಗೆಯೇ ಓಡಿಸಲು ಶುರು ಮಾಡುತ್ತಾನೆ.

ವಿಳಂಬ ಶುಲ್ಕ ಹಾಕುವುದು ಯಾಕೆ? ನೋಂದಣಿ ಮುಗಿದ ಗಾಡಿಯನ್ನು ಓಡಿಸಬಾರದು ಎಂಬ ಕಾರಣಕ್ಕೆ. ಓಡಿಸದೇ ಇದ್ದವನಿಗೂ ಅದೇ ದರ ಎಂದರೆ ಯಾವ ನ್ಯಾಯ? ವಾಹನ ಬಳಕೆಯಲ್ಲಿಲ್ಲ ಎಂದು ಆರ್‌ಟಿಓಗೆ ತಿಳಿಸುವ ಪದ್ಧತಿ ತೆರಿಗೆಯ ಲೆಕ್ಕಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದನ್ನು ನೋಂದಣಿ ನವೀಕರಣಕ್ಕೂ ವಿಸ್ತರಿಸಬೇಕಿತ್ತು. ಇದೇ ಕರ್ನಾಟಕ 2023ರ ಫೆಬ್ರುವರಿಯಲ್ಲಿ, ಮತ್ತೆ 2025ರಲ್ಲಿ, ಬಾಕಿ ಇದ್ದ ಟ್ರಾಫಿಕ್ ದಂಡಗಳಿಗೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. ಸಿಗ್ನಲ್ ಹಾರಿದವರಿಗೆ, ಹೆಲ್ಮೆಟ್ ಇಲ್ಲದೆ ಓಡಿಸಿದವರಿಗೆ ಆ ಉದಾರತೆ ದೊರೆಯಿತು. ಗಾಡಿಯನ್ನು ರಸ್ತೆಗೇ ಇಳಿಸದೆ ಶೆಡ್ಡಿನಲ್ಲಿಟ್ಟವನಿಗೆ ಒಂದು ರೂಪಾಯಿಯ ವಿನಾಯಿತಿಯೂ ಇಲ್ಲ. ವಿಳಂಬ ಶುಲ್ಕ ಕೇಂದ್ರದ ನಿಯಮ, ನಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ. ನಿಜ. ಹಾಗಾದರೆ ಮೈಸೂರು–ಕೊಡಗಿನ ಸಂಸದ ಯದುವೀರ್ ಒಡೆಯರ್ ಇದನ್ನು ಸಂಸತ್ತಿನಲ್ಲಿ ಎತ್ತಲಿ, ರಾಜ್ಯದ ಸಾರಿಗೆ ಇಲಾಖೆ ಲಿಖಿತವಾಗಿ ಕೇಳಲಿ.

ಇನ್ನು ಗಾಡಿಯನ್ನು ತಪಾಸಣೆಗೆ ಒಯ್ಯುವ ಪಾಡು. ಜಿಲ್ಲೆಯ ಆರ್‌ಟಿಓ ಕಚೇರಿ ಇರುವುದು ಮಡಿಕೇರಿಯಲ್ಲಿ. ಕುಟ್ಟದಿಂದ ಅಲ್ಲಿಗೆ ಸುಮಾರು 80 ಕಿಲೋಮೀಟರ್, ಪೂರಾ ತಿರುವಿನ ದಾರಿ. ನೋಂದಣಿ ಮುಗಿದ ಜೀಪನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಿದರೆ ಅಪರಾಧ, ಓಡಿಸಿಕೊಂಡು ಹೋಗಿ ತೋರಿಸದಿದ್ದರೆ ನೋಂದಣಿ ಇಲ್ಲ. ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು, ಇಲ್ಲವೇ ನಸುಕಿನಲ್ಲಿ ಯಾರ ಕಣ್ಣಿಗೂ ಬೀಳದಂತೆ ಹೊರಡಬೇಕು. ಬ್ರಿಟನ್ನಿನಲ್ಲಿ ಗಾಡಿ ರಸ್ತೆಯಲ್ಲಿಲ್ಲ ಎಂದು ಮಾಲೀಕನೇ ಘೋಷಿಸುವ ವ್ಯವಸ್ಥೆ 1998ರಿಂದ ಇದೆ. ಘೋಷಿಸಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ. ಮತ್ತೆ ಓಡಿಸಬೇಕೆಂದಾಗ ವಿಮೆ ಮಾಡಿಸಿ, ಮೊದಲೇ ದಿನ ಗೊತ್ತುಮಾಡಿಕೊಂಡ ತಪಾಸಣೆಗೆ ಅದನ್ನು ಓಡಿಸಿಕೊಂಡೇ ಹೋಗಬಹುದು. ಇಂಥ ಒಂದು ದಿನದ ಪರವಾನಗಿ ಕೊಡಲು ನಮಗೇನು ಕಷ್ಟ?

ತಪಾಸಣೆ ಮಾತ್ರ ಬಿಗಿಯಾಗಿರಬೇಕು, ಈಗಿನದಕ್ಕಿಂತ ಬಿಗಿ. ಎರಡು ಮಳೆಗಾಲ ಶೆಡ್ಡಿನಲ್ಲಿ ಕಳೆದ ಜೀಪಿನ ಅಡಿಗೆ ಒಮ್ಮೆ ಮಲಗಿ ನೋಡಿದವರಿಗೆ ಗೊತ್ತು. ಚಾಸಿಸ್ಸಿನ ಹಿಂಬದಿ ತುಕ್ಕು ಹಿಡಿದು ಸುತ್ತಿಗೆ ತಾಗಿಸಿದರೆ ಹೊಪ್ಪಳೆ ಏಳುತ್ತದೆ. ಬ್ರೇಕ್ ಆಯಿಲ್ ವೀಲ್ ಸಿಲಿಂಡರ್‌ನಿಂದ ಒಸರಿ ಡ್ರಮ್ಮಿನ ಒಳಗೆ ಅಂಟಂಟಾಗಿರುತ್ತದೆ. ಸ್ಟೇರಿಂಗ್ ಒಂದು ಮುಷ್ಟಿ ತಿರುಗಿದ ಮೇಲೆ ಚಕ್ರ ಅಲುಗುತ್ತದೆ. ವೈರಿಂಗನ್ನು ಇಲಿ ಕಡಿದಿರುತ್ತದೆ. ಅರ್ಜಿಗೆ ಪೆನ್ಸಿಲಿನಲ್ಲಿ ಉಜ್ಜಿ ತೆಗೆದ ಚಾಸಿಸ್ ನಂಬರಿನ ಅಚ್ಚು ಅಂಟಿಸಿದರೆ ಗಾಡಿಯ ಗುರುತು ಸಿಕ್ಕೀತು, ಗಾಡಿಯ ಸ್ಥಿತಿ ಅಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಜನ ಕರೆಯುವ ಅಧಿಕಾರಿ ನಿಜಕ್ಕೂ ಬ್ರೇಕನ್ನೇ ನೋಡಲಿ: ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ, ನಾಲ್ಕೂ ಚಕ್ರ ಸಮನಾಗಿ ನಿಲ್ಲುತ್ತವೆಯೇ. ಫೇಲಾದ ಗಾಡಿಯನ್ನು ಮತ್ತೆ ಗ್ಯಾರೇಜಿಗೆ ಕಳಿಸಲಿ. ಪಾಸಾದದ್ದಕ್ಕೆ ವಯಸ್ಸಿನ ನೆಪದಲ್ಲಿ ದುಬಾರಿ ಶುಲ್ಕ ಬೇಡ.

ಇದಕ್ಕಿಂತ ಜಟಿಲವಾದದ್ದು ಎಂಜಿನ್ ಬದಲಾದ ಜೀಪುಗಳ ಸಂಗತಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಎಲ್ಲ ಕಡೆ ನಡೆಯುತ್ತಿದ್ದ ಕೆಲಸ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ 2000ದಲ್ಲಿ ತಿದ್ದುಪಡಿಯಾದ ಮೇಲೆ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅವಕಾಶ ತಪ್ಪಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದ ಪ್ರಕರಣವೊಂದರಲ್ಲಿ, ಅದನ್ನು ಖಚಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ಗೊತ್ತುಮಾಡಿತು. ಮನಸ್ಸಿಗೆ ಬಂದಂತೆ ಟಯರ್ ಉಬ್ಬಿಸಿ, ಚಾಸಿಸ್ ಕತ್ತರಿಸಿ ಬೆಸುಗೆ ಹಾಕಿದ ಗಾಡಿಗಳಿಗೆ ಈ ಕಾನೂನು ತಕ್ಕದ್ದೇ. ಆದರೆ 30 ವರ್ಷದ ಹಿಂದೆ ಅಪ್ಪ ಹಾಕಿಸಿದ ಎಂಜಿನ್ನಿಗೆ ಮಗ ಅಪರಾಧಿಯಾಗಬೇಕೇ? 2000ಕ್ಕೆ ಮುಂಚೆ ಬದಲಾದ ಎಂಜಿನ್ನುಗಳನ್ನು ತಾಂತ್ರಿಕ ಪರೀಕ್ಷೆ, ಹೊಗೆ ಪರೀಕ್ಷೆ ಮಾಡಿ ಆರ್‌ಸಿಯಲ್ಲಿ ದಾಖಲಿಸಲು ಒಂದು ಸಲದ ಅವಕಾಶವನ್ನು ಕಾಯ್ದೆಯಲ್ಲೇ ಕೊಡಬೇಕು. 2021ರ ವಿಂಟೇಜ್ ನಿಯಮ ಇವರಿಗೆ ಒದಗುವುದಿಲ್ಲ. ಅದು 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ, ನಿತ್ಯ ಬಳಕೆಗಲ್ಲದ ಗಾಡಿಗಳಿಗೆ ಮಾತ್ರ.

ಜೀಪಿನ ಪರ ಮಾತಾಡಿದ ಕೂಡಲೇ ಮಂಡಲಪಟ್ಟಿಯ ಪ್ರಶ್ನೆ ಬರುತ್ತದೆ. ಬರಲೇಬೇಕು. ‘ಗಾಳಿಪಟ’ ಸಿನಿಮಾ ಬಂದ ಮೇಲೆ ಆ ಬೆಟ್ಟಕ್ಕೆ ಪ್ರವಾಸಿಗರ ನೂಕುನುಗ್ಗಲು. ಬಿಳಿ ಬೋರ್ಡಿನ ಜೀಪಿನಲ್ಲಿ ಬಾಡಿಗೆಗೆ ಜನ ತುಂಬಿಸುವುದಕ್ಕೆ ಪರ್ಮಿಟ್ ಇಲ್ಲ, ಎಫ್‌ಸಿ ಇಲ್ಲದಿದ್ದರೆ ಅದಕ್ಕೆ ಕ್ಷಮೆಯೂ ಇರಬಾರದು. ತೋಟದ ಕಾರ್ಮಿಕರನ್ನು ಹಿಂದೆ ನಿಲ್ಲಿಸಿ, ಬಾಗಿಲಿಗೆ ಜೋತುಬೀಳಿಸಿ ಒಯ್ಯುವುದಂತೂ ಅದಕ್ಕಿಂತ ಘೋರ. ವಿಮೆಯಿಲ್ಲದ ಜೀಪು ಮಗುಚಿದರೆ ಪರಿಹಾರದ ಹೊಣೆ ಮಾಲೀಕನ ಹೆಗಲಿಗೆ. ಅವನಲ್ಲಿ ಹಣವಿಲ್ಲದಿದ್ದರೆ ಕೂಲಿಯವರ ಮನೆಯಲ್ಲಿ ಒಲೆ ಆರುತ್ತದೆ. ತೋಟದೊಳಗೇ ಓಡುವುದಲ್ಲವೇ ಎನ್ನುವ ಬೆಳೆಗಾರ ಮಿತ್ರರಿಗೆ ನನ್ನ ಉತ್ತರ ಇಷ್ಟೇ: ನಿಮ್ಮ ಎರಡು ತೋಟಗಳ ನಡುವೆ ಹಾದುಹೋಗುವ ಪಂಚಾಯಿತಿ ರಸ್ತೆ ಸಾರ್ವಜನಿಕ ರಸ್ತೆ. ಅದನ್ನು ದಾಟುವಷ್ಟು ದೂರಕ್ಕೂ ಆರ್‌ಸಿ, ವಿಮೆ ಬೇಕು. ಜೀಪು ನಮ್ಮ ನೆಲದ ಸಂಸ್ಕೃತಿ ಎನ್ನುವ ಹೆಮ್ಮೆ ನನಗೂ ಇದೆ. ಸವೆದ ಬ್ರೇಕಿಗೆ ಅದನ್ನು ಸಮರ್ಥನೆಯಾಗಿ ತರಬೇಡಿ.

ಹಾಗೆಂದು ಎಲ್ಲವನ್ನೂ ಗುಜರಿಗೆ ಹಾಕಿ ಎನ್ನುವ ಪರಿಸರದ ವಾದವನ್ನೂ ಒಪ್ಪಲಾರೆ. ವರ್ಷಕ್ಕೆ ಕೆಲವು ಸಾವಿರ ಕಿಲೋಮೀಟರ್ ಓಡುವ ತೋಟದ ಜೀಪನ್ನು ಮಹಾನಗರದಲ್ಲಿ ದಿನವಿಡೀ ಓಡುವ ಗಾಡಿಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹೊಗೆ ಪರೀಕ್ಷೆಯಲ್ಲಿ ಸೋತರೆ ನಿಲ್ಲಿಸಿ, ಗೆದ್ದರೆ ಬಿಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜರಿದು ರಸ್ತೆಗಳೇ ಇಲ್ಲವಾದಾಗ, ಕೆಸರಿನಲ್ಲಿ ಜನರನ್ನು ದಾಟಿಸಲು ಫೋರ್‌ವೀಲ್ ಜೀಪುಗಳು ನೆರವಾದವು. ಅಂಥ ಗಾಡಿಗಳು ಸುಸ್ಥಿತಿಯಲ್ಲಿ, ದಾಖಲೆಯೊಳಗೆ ಇರುವುದು ಜಿಲ್ಲಾಡಳಿತಕ್ಕೂ ಬೇಕಾದ ವಿಷಯ.

ಕಾಯ್ದೆ ಬದಲಾಗಲು, ಶುಲ್ಕ ಇಳಿಯಲು ದೆಹಲಿಯನ್ನು ಕಾಯಬೇಕು. ತಪಾಸಣೆಯನ್ನು ತಾಲ್ಲೂಕಿಗೆ ತರಲು ಕಾಯಬೇಕಿಲ್ಲ. ಲೈಸೆನ್ಸಿಗಾಗಿ ತಾಲ್ಲೂಕುಗಳಲ್ಲಿ ಕ್ಯಾಂಪ್ ನಡೆಸುವುದು ಸಾರಿಗೆ ಇಲಾಖೆಗೆ ಹೊಸತಲ್ಲ. ಹಳೆಯ ಜೀಪುಗಳ ತಪಾಸಣೆ ಮತ್ತು ವಾರಸುದಾರರ ಹೆಸರಿಗೆ ಆರ್‌ಸಿ ವರ್ಗಾವಣೆಯ ಅರ್ಜಿ, ಎರಡನ್ನೂ ಅದೇ ಕ್ಯಾಂಪಿನಲ್ಲಿ ತೆಗೆದುಕೊಳ್ಳಲಿ. ಆ ದಿನ ಅಲ್ಲಿಗೆ ಬರುವ, ವಿಮೆ ಮಾಡಿಸಿದ ಜೀಪುಗಳನ್ನು ದಾರಿಯಲ್ಲಿ ಹಿಡಿಯದಂತೆ ಸಾರಿಗೆ ಅಧಿಕಾರಿಗಳೂ ಪೊಲೀಸರೂ ಮೊದಲೇ ಮಾತಾಡಿಕೊಳ್ಳಲಿ. ಮಳೆ ಬಿಟ್ಟ ಮೇಲೆ, ಕಾಫಿ ಕುಯ್ಲು ಶುರುವಾಗುವುದಕ್ಕೆ ಮುಂಚೆ, ಗೋಣಿಕೊಪ್ಪ ಮತ್ತು ಸೋಮವಾರಪೇಟೆಯಲ್ಲಿ ಮೊದಲ ಎರಡು ಕ್ಯಾಂಪ್‌ಗಳಿಗೆ ದಿನಾಂಕ ಪ್ರಕಟಿಸಲಿ.