ಚಾಲಗೇಣಿಯ ಕಾರುಗಳು

ಅಂಗಡಿಯವನು ಸಾಮಾನು ಮುಗಿದಿದೆ ಎಂದರೆ ಸುಮ್ಮನೆ ವಾಪಸು ಬರುತ್ತೇವೆ. ಸಾಮಾನು ಉಂಟು, ಎಷ್ಟು ಬೇಕಾದರೂ ಉಂಟು, ಆದರೆ ನಿಮಗೆ ಕೊಡುವುದಿಲ್ಲ ಎಂದರೆ? ಈ ವಾರ ನನ್ನ ತಲೆ ಕೆಟ್ಟದ್ದು ಅದಕ್ಕೆ.

ತಂಗಿಯ ಮಗ ಪರೀಕ್ಷೆ ಮುಗಿಸಿ ಜಾಲ್ಸೂರಿಗೆ ಬಂದು ಕೂತಿದ್ದಾನೆ. ಒಳ್ಳೆಯ ಮಾರ್ಕು ತೆಗೆದರೆ ಕೇಳಿದ್ದು ಕೊಡಿಸುತ್ತೇನೆ ಎಂದು ಹಿಂದೆ ಯಾವಾಗಲೋ ಬಾಯಿ ಬಿಟ್ಟಿದ್ದೆ. ಅವನು ಬೈಕು ಕೇಳಲಿಲ್ಲ, ಮೊಬೈಲು ಕೇಳಲಿಲ್ಲ. ಕೇಳಿದ್ದು ಕಾರು ರೇಸಿನ ಒಂದು ವಿಡಿಯೊ ಗೇಮ್, ಫೋರ್ಜಾ ಹೊರೈಜನ್ 4. ಕಡಿಮೆಯಲ್ಲಿ ಬಚಾವಾದೆ ಎಂದುಕೊಂಡು ಕಾರ್ಡು ತೆಗೆದೆ.

"ಇಲ್ಲ ಮಾವ, ಅದು ಈಗ ಸಿಕ್ಕುದಿಲ್ಲ."

"ಎಂತ, ಸ್ಟಾಕ್ ಇಲ್ವಾ?"

"ಡೌನ್‌ಲೋಡಿಗೆ ಎಂತ ಸ್ಟಾಕ್ ಮಾವ? ಮಾರುದೇ ನಿಲ್ಲಿಸಿದ್ದಾರೆ. ಮೊದಲು ತಗೊಂಡವರು ಈಗಲೂ ಆಡ್ತಾ ಇದ್ದಾರೆ."

"ಮತ್ತೆ ನನ್ನಲ್ಲಿ ಯಾಕೆ ಕೇಳಿದ್ದು?"

"ಕೇಳಿದ್ದು ಕೊಡಿಸ್ತೇನೆ ಅಂದ್ರಲ್ಲ, ನೋಡುವ ಅಂತ."

ಗೇಮಿಗೆಲ್ಲ ಒಂದು ಅಂಕಣವಾ ಎಂದು ಮೂಗು ಮುರಿಯುವವರು ಪುಟ ತಿರುಗಿಸಬಹುದು. ಅಡಿಕೆ ಧಾರಣೆ ಒಳಗೆ ಉಂಟು.

ವಿಷಯ ಇಷ್ಟೇ. 2018ರ ಅಕ್ಟೋಬರಿನಲ್ಲಿ ಬಂದ ಆಟ. ಇಂಗ್ಲೆಂಡಿನ ಪ್ಲೇಗ್ರೌಂಡ್ ಗೇಮ್ಸ್ ತಯಾರಿಸಿದ್ದು, ಮೈಕ್ರೋಸಾಫ್ಟ್ ಮಾರಿದ್ದು. ನಾನೂರೈವತ್ತಕ್ಕೂ ಮಿಕ್ಕಿ ಕಾರುಗಳು, ಬ್ರಿಟನ್ನಿನ ಹಳ್ಳಿ ರಸ್ತೆಗಳು, ವಾರಕ್ಕೊಮ್ಮೆ ಬದಲಾಗುವ ಋತು. 2024ರ ಡಿಸೆಂಬರ್ 15ಕ್ಕೆ ಅದನ್ನು ಎಲ್ಲ ಡಿಜಿಟಲ್ ಅಂಗಡಿಗಳಿಂದ ತೆಗೆದರು. ಕಾರಣ, ಆಟದೊಳಗಿನ ಕಾರು ಮುಂತಾದವುಗಳ ಪರವಾನಗಿ ಒಪ್ಪಂದಗಳ ಅವಧಿ ಮುಗಿದದ್ದು. ಎಕ್ಸ್‌ಬಾಕ್ಸಿನ ಹಳೆ ಡಿಸ್ಕು ಎಲ್ಲಾದರೂ ಸಿಕ್ಕೀತು, ಕಂಪ್ಯೂಟರಿನಲ್ಲಿ ಆಡುವವನಿಗೆ ಆ ದಾರಿಯೂ ಇಲ್ಲ. ಅಂಬಾಸಿಡರ್ ಕಾರು ಓಡಿದ ನಮ್ಮ ಸಿನಿಮಾಗಳನ್ನು ಹಿಂದೂಸ್ತಾನ್ ಮೋಟಾರ್ಸ್‌ನ ಒಪ್ಪಿಗೆ ಮುಗಿಯಿತೆಂದು ಯಾರೂ ಪೆಟ್ಟಿಗೆಗೆ ತುಂಬಲಿಲ್ಲ. ಆಟಕ್ಕೆ ಮಾತ್ರ ಈ ಅವಸ್ಥೆ. 2009ರಲ್ಲಿ ಸೇಗಾ ಕಂಪನಿಯ ಔಟ್‌ರನ್ ಆನ್‌ಲೈನ್ ಆರ್ಕೇಡ್ ಬಂತು, ಫೆರಾರಿ ಪರವಾನಗಿ ಮುಗಿಯುತ್ತಲೇ ಅಂಗಡಿಯಿಂದ ಹೊರಬಿತ್ತು. 2021ರ ಮೇ 31ರಂದು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ನೀಡ್ ಫಾರ್ ಸ್ಪೀಡ್ ಸರಣಿಯ ಐದು ಆಟಗಳ ಮಾರಾಟವನ್ನು ಒಟ್ಟಿಗೆ ನಿಲ್ಲಿಸಿತು. ಕಾರ್ಬನ್, ಅಂಡರ್‌ಕವರ್, ಶಿಫ್ಟ್, ಶಿಫ್ಟ್ 2, ದಿ ರನ್. ನಮ್ಮ ಕಡೆಯ ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಇದ್ದವರಿಗೆ ಈ ಹೆಸರುಗಳ ಪರಿಚಯ ನಾನು ಮಾಡಿಕೊಡಬೇಕಾಗಿಲ್ಲ.

ಫೋರ್ಜಾ ಹೊರೈಜನ್ 4 ನಮಗೆ ಪರದೇಶದ ಸಂಗತಿಯೂ ಅಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯ ಕಲಾವಿದರ ಕೈಕೆಲಸ ಆ ಆಟದಲ್ಲಿದೆ. ದೇಶದಲ್ಲಿ ಗೇಮ್ ಉದ್ಯಮ ಎಂಬುದೇ ಇಲ್ಲದ ಕಾಲದಲ್ಲಿ ಶುರುವಾದ ಸಂಸ್ಥೆ ಅದು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು 79 ಲಕ್ಷ ಡಾಲರಿಗೆ ಕೊಂಡಿತು. ಹೀಗೆ, ಕೆಲಸ ಮಾಡಿದ ಸಂಸ್ಥೆ ಇನ್ನೊಂದರಲ್ಲಿ ಕರಗಿತು, ಮಾಡಿದ ಕೆಲಸ ಮಾರುಕಟ್ಟೆಯಿಂದ ಹೋಯಿತು. ದೇಶದಲ್ಲೇ ಮೊದಲು ಅನಿಮೇಷನ್ ಮತ್ತು ಗೇಮಿಂಗಿಗೆ ನೀತಿ ತಂದ ರಾಜ್ಯ ನಮ್ಮದು, 2012ರಲ್ಲಿ. ಈಗ 2024ರಿಂದ 29ರವರೆಗಿನ ಹೊಸ ನೀತಿಯೂ ಬಂದಿದೆ. ಎಷ್ಟು ಉದ್ಯೋಗ, ಎಷ್ಟು ಬಂಡವಾಳ, ಎಷ್ಟು ಕೌಶಲ ಕೇಂದ್ರ ಎಂದು ಮಂತ್ರಿಗಳು ಮೈಕಿನ ಮುಂದೆ ಹೇಳುತ್ತಾರೆ. ನಮ್ಮ ಹುಡುಗರು ಮಾಡಿದ ಕೆಲಸ ಹತ್ತು ವರ್ಷ ಕಳೆದು ನೋಡಲು ಸಿಗುತ್ತದಾ ಎಂದು ಕೇಳುವವರಿಲ್ಲ.

ನನ್ನ ಕಾಲದ ಮಾತು ಹೇಳಿದರೆ ನಗು ಬರುತ್ತದೆ. ಸುಳ್ಯದಲ್ಲಿ ಸೈಬರುಗಳು ಹುಟ್ಟಿದ ಹೊತ್ತು. ಇಮೇಲ್ ನೋಡಲು ಹೋದವರಿಗಿಂತ ರೋಡ್ ರ‍್ಯಾಶ್ ಆಡಲು ಹೋದವರು ಜಾಸ್ತಿ. ಬೈಕು ಓಡಿಸುತ್ತಲೇ ಪಕ್ಕದವನಿಗೆ ಒದೆಯುವುದು, ಅವನು ಬೀಸಿದ ಸರಪಳಿಯನ್ನು ಕಿತ್ತುಕೊಂಡು ಅವನಿಗೇ ಬಾರಿಸುವುದು. ಬಿದ್ದರೆ ಸವಾರ ಎದ್ದು ದೂರದಲ್ಲಿ ಬಿದ್ದ ತನ್ನ ಬೈಕಿನ ಕಡೆಗೆ ತಡಬಡಿಸಿ ಓಡಬೇಕು. ಆ ಓಟ ನೋಡಿಯೇ ಹಿಂದೆ ನಿಂತವರು ಬಿದ್ದು ಬಿದ್ದು ನಗುತ್ತಿದ್ದರು. ಪೊಲೀಸು ಹಿಡಿದರೆ ದಂಡ. ಇನ್ನೇನು ಗೆದ್ದೆ ಎನ್ನುವಾಗ ಸುಳ್ಯದ ಕರೆಂಟು ಹೋಗುತ್ತಿತ್ತು, ಕರೆಂಟು ಹೋದ ಹೊತ್ತನ್ನು ಗಂಟೆಯ ಲೆಕ್ಕಕ್ಕೆ ಸೇರಿಸಬೇಕೋ ಬಿಡಬೇಕೋ ಎಂದು ಸೈಬರಿನವನ ಹತ್ತಿರ ಜಗಳ. (ಸುಳ್ಯದ ಕರೆಂಟಿನ ಬಗ್ಗೆ ಬೇರೆಯೇ ಅಂಕಣ ಬರೆದಿದ್ದೇನೆ, ಪ್ರಯೋಜನ ಆಗಿಲ್ಲ.)

ಆ ಆಟ ಮೊದಲು 1991ರಲ್ಲಿ ಸೇಗಾ ಯಂತ್ರಕ್ಕೆ ಬಂದದ್ದು. ನಾವು ಆಡಿದ ವಿಂಡೋಸ್ ಆವೃತ್ತಿ 1996ರದ್ದು, ಸೌಂಡ್‌ಗಾರ್ಡನ್‌ನಂಥ ಅಮೆರಿಕದ ರಾಕ್ ತಂಡಗಳ ಹಾಡುಗಳನ್ನು ಹೊಸೆದುಕೊಂಡದ್ದು. ಇವತ್ತು ನ್ಯಾಯವಾಗಿ ದುಡ್ಡು ಕೊಟ್ಟು ಆ ಆವೃತ್ತಿ ತರುತ್ತೇನೆ ಎಂದರೆ ಅದರ ಮಾಲೀಕ ಕಂಪನಿಯೇ ಮಾರುವುದಿಲ್ಲ. ನಾವಾದರೂ ಅಂದು ದುಡ್ಡು ಕೊಟ್ಟಿರಲಿಲ್ಲ ಅನ್ನಿ. ಯಾರೋ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸಿ.ಡಿ., ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ತಪ್ಪು ಸ್ಪೆಲ್ಲಿಂಗು. ಕೃತಿಸ್ವಾಮ್ಯದ ಹೆಸರಿನಲ್ಲಿ ಯಾರನ್ನು ಕಳ್ಳರೆಂದು ಕರೆದರೋ ಅವರಿಂದಲೇ ಆ ಆಟ ಉಳಿದಿದೆ. ಮಾಲೀಕರು ಏನು ಉಳಿಸಿದ್ದಾರೆ? ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು. ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರುಕಟ್ಟೆಯಲ್ಲಿ ಇಲ್ಲ. ಗ್ರಂಥಾಲಯಗಳು ಸಂಶೋಧಕರಿಗೆ ದೂರದಿಂದಲೇ ಹಳೆ ಆಟ ತೆರೆದು ತೋರಿಸಲು ಅನುಮತಿ ಕೊಡಿ ಎಂದರೆ, ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರಲ್ಲಿ ಒಲ್ಲೆ ಎಂದಿತು.

ಇಷ್ಟರವರೆಗೆ ಹೇಳಿದ್ದೆಲ್ಲ ಮಾರದೇ ಇರುವುದರ ಕತೆ. ಮಾರಿದ್ದನ್ನು ಕಸಿದುಕೊಂಡ ಕತೆ ಬೇರೆ ಉಂಟು.

ದಿ ಕ್ರೂ ಎಂಬ ಕಾರು ರೇಸಿನ ಆಟ. 2014ರ ಡಿಸೆಂಬರಿನಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಹೊರತಂದದ್ದು. ಅಮೆರಿಕವನ್ನು ಕುಗ್ಗಿಸಿ ಒಳಗೆ ಇಟ್ಟಿದ್ದರು, ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಸುಮಾರು ಮುಕ್ಕಾಲು ಗಂಟೆಯ ದಾರಿ. ನಾವು ಜಾಲ್ಸೂರಿನಲ್ಲಿ ಬಸ್ಸು ಹತ್ತಿ ಮುಳ್ಳೇರಿಯ ದಾಟಿ ಚೆರ್ಕಳ ಮುಟ್ಟುವಷ್ಟರಲ್ಲಿ ಅವರು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಸೇರಿ ಚಹಾ ಕುಡಿದಿರುತ್ತಾರೆ. ಒಬ್ಬನೇ ಆಡಿದರೂ ಕಂಪನಿಯ ಸರ್ವರಿಗೆ ಇಂಟರ್‌ನೆಟ್ ಸಂಪರ್ಕ ಇರಲೇಬೇಕೆಂಬ ಕಟ್ಟುಪಾಡು ಅದರದ್ದು. ಆಟಿ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮಗೆ ಫೋನೂ ಇಲ್ಲ, ನೆಟ್ಟೂ ಇಲ್ಲ. ಇಂಥ ಆಟ ಮಾಡುವವರು ಜಾಲ್ಸೂರಿನ ಮಳೆ ನೋಡಿಲ್ಲ, ಬಿಡಿ.

2023ರ ಡಿಸೆಂಬರ್ 14ಕ್ಕೆ ಅದರ ಮಾರಾಟ ನಿಂತಿತು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಆಮೇಲೆ ಕೊಂಡವರ ಖಾತೆಯಿಂದಲೂ ಆಟವನ್ನು ತೆಗೆದರು. ಡಿಸ್ಕು ತಂದಿದ್ದವರಿಗೆ ಡಿಸ್ಕು ಉಳಿಯಿತು. ಬಿಸಿ ಲೋಟದ ಅಡಿಗೆ ಇಡಬಹುದು.

ಇಲ್ಲಿ ನನ್ನ ಹಳೆ ಹುಚ್ಚು ಕೆರಳುತ್ತದೆ. ಯಾವ ವಿಷಯ ಹಿಡಿದರೂ ನಾನು ಕೊನೆಗೆ ಜಾಗದ ವಿಷಯಕ್ಕೇ ಬರುತ್ತೇನೆ ಎಂದು ಈ ಅಂಕಣ ಓದುವವರು ದೂರುವುದುಂಟು. ಕುಮ್ಕಿ ಬಗ್ಗೆ ಇನ್ನು ಬರೆಯಬೇಡಿ ಎಂದು ಸಂಪಾದಕರು ಹೇಳಿದ್ದಾರೆ. ಗೇಣಿ ಬಗ್ಗೆ ಹೇಳಿಲ್ಲ.

ದಕ್ಷಿಣ ಕನ್ನಡದಲ್ಲಿ ಗೇಣಿ ಎರಡು ಬಗೆ ಇತ್ತು. ಮೂಲಗೇಣಿ ಎಂದರೆ ತಲೆಮಾರಿನಿಂದ ತಲೆಮಾರಿಗೆ ಹೋಗುವಂಥದ್ದು. ನಿಗದಿಯಾದ ಗೇಣಿ ಕೊಡುತ್ತಾ ಇದ್ದರೆ ಯಾರೂ ಎಬ್ಬಿಸುವ ಹಾಗಿರಲಿಲ್ಲ. ಚಾಲಗೇಣಿ ದಣಿಗಳ ಮರ್ಜಿ. ವರ್ಷ ಕಳೆದರೆ ಗೇಣಿ ಏರಿಸಬಹುದಿತ್ತು, ಮನಸ್ಸು ತಿರುಗಿದರೆ ಒಕ್ಕಲೆಬ್ಬಿಸಬಹುದಿತ್ತು. ನಮ್ಮಜ್ಜ ಚಾಲಗೇಣಿ ಒಕ್ಕಲು. ಅಕ್ಕಿ ಮುಡಿ ಕಟ್ಟಿ, ಹೊತ್ತು, ದಣಿಗಳ ಚಾವಡಿಯಲ್ಲಿ ಇಳಿಸಿ ಬರುತ್ತಿದ್ದವರು. ದೇವರಾಜ ಅರಸು ಸರಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾದಾಗ ಅಜ್ಜನೂ ಡಿಕ್ಲರೇಶನ್ ಕೊಟ್ಟರು, ಏಳನೇ ನಂಬ್ರದ ಫಾರಂ. ಭೂನ್ಯಾಯ ಮಂಡಳಿಯಲ್ಲಿ ಗೇಣಿ ಚೀಟಿ ಕೇಳಿದರು. ಚೀಟಿ ಕೊಡುವ ಕ್ರಮ ದಣಿಗಳಿಗೆ ಇದ್ದರೆ ತಾನೇ? ಅಜ್ಜ, ತೋಟಕ್ಕೆ ಬನ್ನಿ, ಯಾವ ಸಾಲಿನ ಅಡಿಕೆ ಸಸಿ ಯಾವ ವರ್ಷ ನೆಟ್ಟದ್ದು, ಕೊಳೆರೋಗಕ್ಕೆ ಯಾವುದು ಹೋಯಿತು, ಯಾವ ಕಣಿ ಯಾರು ತೋಡಿದ್ದು ಎಂದು ನಡೆದು ತೋರಿಸುತ್ತೇನೆ ಎಂದರಂತೆ. ಮಂಡಳಿಗೆ ಅದು ಸಾಕಾಯಿತು. ಅಜ್ಜನ ಹತ್ತಿರ ತೋಟ ಇತ್ತು, ರಶೀದಿ ಇರಲಿಲ್ಲ. ಕ್ರೂ ಕೊಂಡವರ ಹತ್ತಿರ ರಶೀದಿ ಉಂಟು, ಆಟ ಇಲ್ಲ.

ಈಗಿನ ಕಂಪನಿಗಳು ನಮಗೆ ಮಾರುವುದೆಲ್ಲ ಚಾಲಗೇಣಿ. ಪೂರ್ತಿ ಕ್ರಯ ತೆಗೆದುಕೊಂಡು ಚಾಲಗೇಣಿ ಕೊಡುತ್ತಾರೆ, ದಣಿಗಳಿಗೂ ಹೊಳೆಯದ ಉಪಾಯ. ನೀವು ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು ಎಂದು ಯೂಬಿಸಾಫ್ಟ್ ನ್ಯಾಯಾಲಯದಲ್ಲೇ ವಾದಿಸಿದೆ. ಹಾಗಾದರೆ ಅದನ್ನು ಮಾರುವಾಗಲೇ ಹೇಳಿ ಎಂದು ಕ್ಯಾಲಿಫೋರ್ನಿಯ ಕಾನೂನು ಮಾಡಿತು, 2025ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮಲ್ಲಿ 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ಆನ್‌ಲೈನ್ ಅಂಗಡಿಗಳ 13 ಬಗೆಯ ಮೋಸದ ಪಟ್ಟಿ ಮಾಡಿ ನಿಷೇಧಿಸಿದೆ. ಕ್ರಯಕ್ಕೆಂದು ಹೇಳಿ ಪರವಾನಗಿ ಕೊಡುವುದು ಆ ಹದಿಮೂರರಲ್ಲಿ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅವಸರದಲ್ಲಿ ಪಾಸು ಮಾಡಿತಲ್ಲ, ಅದೂ ಹಣ ಕಟ್ಟಿ ಆಡುವ ಆಟಗಳ ಹಿಂದೆ ಬಿದ್ದದ್ದು. ಜೂಜಿನಲ್ಲಿ ಕಳಕೊಂಡವನ ಬಗ್ಗೆ ದೆಹಲಿಗೆ ಕನಿಕರ ಉಂಟು, ಅಂಗಡಿಯಲ್ಲಿ ಕಳಕೊಂಡವನ ಬಗ್ಗೆ ಇಲ್ಲ.

ಸರ್ವರನ್ನು ಅನಂತಕಾಲ ಓಡಿಸಲು ಆಗುತ್ತದಾ ಎಂದು ಕಂಪನಿ ಪರ ಮಾತಾಡುವವರು ಕೇಳುತ್ತಾರೆ. ಆಗುವುದಿಲ್ಲ. ಯಾರೂ ಕೇಳಿಯೂ ಇಲ್ಲ. ಕ್ರೂ ಮುಚ್ಚಿದ ಮೇಲೆ ರಾಸ್ ಸ್ಕಾಟ್ ಎಂಬವರು ಶುರು ಮಾಡಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿ ಕೇಳಿದ್ದು ಇಷ್ಟೇ: ಅಂಗಡಿ ಮುಚ್ಚುವಾಗ ಬೀಗದ ಕೈ ಕೊಟ್ಟು ಹೋಗಿ, ಆಟವನ್ನು ಸರ್ವರ್ ಇಲ್ಲದೆ ನಡೆಯುವ ಹಾಗೆ ಮಾಡಿ ಹೋಗಿ. ಯುರೋಪಿನಲ್ಲಿ 10 ಲಕ್ಷ ಸಹಿ ಬೇಕಿತ್ತು, 2025ರ ಜುಲೈ ಕೊನೆಗೆ 14 ಲಕ್ಷ ದಾಟಿತು. ಗಲಾಟೆ ಜೋರಾದ ಮೇಲೆ ಅದೇ ಯೂಬಿಸಾಫ್ಟ್ ದಿ ಕ್ರೂ 2 ಆಟಕ್ಕೆ ಇಂಟರ್‌ನೆಟ್ ಇಲ್ಲದೆ ಆಡುವ ವ್ಯವಸ್ಥೆ ಮಾಡಿಕೊಟ್ಟಿತು. ಮೊದಲ ಕ್ರೂವನ್ನು ಅಭಿಮಾನಿಗಳೇ 2025ರ ಸೆಪ್ಟೆಂಬರಿನಲ್ಲಿ ತಮ್ಮದೇ ಸರ್ವರ್ ಬರೆದು ಮತ್ತೆ ಓಡಿಸಿದರು. ಸಂಬಳ ಇಲ್ಲದ ಹುಡುಗರಿಗೆ ಸಾಧ್ಯವಾದದ್ದು ಕಂಪನಿಗೆ ಅಸಾಧ್ಯವಾಗಿತ್ತು ಎಂದರೆ ನಂಬಬೇಕಂತೆ.

ನಮ್ಮ ದೇಶದಲ್ಲಿ ಯಾರು ಪುಸ್ತಕ ಪ್ರಕಟಿಸಿದರೂ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು, 1954ರ ಕಾನೂನು. ಎರಡು ವರ್ಷ ಕಳೆದು ಪತ್ರಿಕೆಗಳನ್ನೂ ಅದಕ್ಕೆ ಸೇರಿಸಿದರು. ನನ್ನ ಈ ಅಂಕಣಕ್ಕೂ ಅಲ್ಲಿ ಜಾಗ ಉಂಟು, ಅದಕ್ಕೆ ಯೋಗ್ಯತೆ ಉಂಟಾ ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಕಲಾವಿದರು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸಕ್ಕೆ ಇಲ್ಲ. ನೀತಿ ಬರೆಯುವವರು ಸಬ್ಸಿಡಿ ಕೊಡುವಾಗ ಒಂದೇ ಒಂದು ಶರತ್ತು ಹಾಕಲಿ: ಇಲ್ಲಿ ತಯಾರಾದ ಆಟದ, ಸರ್ವರ್ ಇಲ್ಲದೆ ನಡೆಯುವ ಒಂದು ಪ್ರತಿ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಇರಬೇಕು. ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡದಲ್ಲಿ ಒಂದು ಹಾರ್ಡ್ ಡಿಸ್ಕಿಗೆ ಜಾಗ ಇಲ್ಲದೆ ಹೋಗದು.

ಕ್ರೂ ಕಳಕೊಂಡ ಇಬ್ಬರು ಕ್ಯಾಲಿಫೋರ್ನಿಯದಲ್ಲಿ 2024ರ ನವೆಂಬರಿನಲ್ಲಿ ದಾವೆ ಹೂಡಿದರು. ಆಟದ ಡಬ್ಬದೊಳಗಿನ ಕೋಡಿನ ಅವಧಿ 2099ರವರೆಗೆ ಎಂದು ಮುದ್ರಿಸಿದ್ದನ್ನು ಅವರು ನ್ಯಾಯಾಲಯಕ್ಕೆ ತೋರಿಸಿದರು. ಅವಧಿಗೆ 75 ವರ್ಷ ಬಾಕಿ ಇರುವಾಗಲೇ ಒಕ್ಕಲೆಬ್ಬಿಸಿದರು ಎಂದಾಯಿತು. ನಮ್ಮಜ್ಜನ ದಣಿ ಒಳ್ಳೆಯವರೇನೂ ಅಲ್ಲ, ಆದರೆ ಅವರು ಕೂಡ ಕೊಯ್ಲು ಮುಗಿಯುವ ತನಕ ಕಾಯುತ್ತಿದ್ದರು.