ಸಣ್ಣಗಿದ್ದರೂ ಸಕ್ಕರೆ ಕಾಯಿಲೆ
ಪ್ಲೆಸೆಂಟನ್: "ದಪ್ಪಗಿಲ್ಲವಲ್ಲ, ನಮಗೆಲ್ಲಿಂದ ಸಕ್ಕರೆ ಕಾಯಿಲೆ?" ಎಂದು ನಾವು ಬೇ ಏರಿಯಾ ಕನ್ನಡಿಗರು ಸುಮ್ಮನಿರುವಂತಿಲ್ಲ. ಇಲ್ಲಿ ಮತ್ತು ಶಿಕಾಗೋದಲ್ಲಿ 2010ರಲ್ಲಿ ಆರಂಭವಾದ 'ಮಸಾಲಾ' ಅಧ್ಯಯನವು ದಕ್ಷಿಣ ಏಷ್ಯಾದವರಲ್ಲಿ ಮಧುಮೇಹ ಇತರರಿಗಿಂತ ಹೆಚ್ಚೆಂದು ತೋರಿಸಿತು. ನಮ್ಮವರಲ್ಲಿ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಹೆಚ್ಚು ಸೇರುವುದರಿಂದ ತೂಕವೊಂದನ್ನೇ ನಂಬುವಂತಿಲ್ಲ.

ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ ಏಷ್ಯಾ ಮೂಲದವರ ತಪಾಸಣೆಗೆ ಬಿಎಂಐ ಮಿತಿಯನ್ನು 25ರಿಂದ 23ಕ್ಕೆ ಇಳಿಸಿತು. 5 ಅಡಿ 7 ಅಂಗುಲ ಎತ್ತರದವರಿಗೆ ಇದು ಸುಮಾರು 147 ಪೌಂಡ್ ತೂಕ, ಅಷ್ಟೇ!

ಫ್ಯಾಮಿಲಿ ಡಾಕ್ಟರು ಹೇಳಲಿ ಎಂದು ಕಾಯದೆ ನಾವೇ ಕೇಳಿ ಎ1ಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳೋಣ. ಶೇ. 5.7ರಿಂದ 6.4 ಬಂದರೆ ಕಾಯಿಲೆಯ ಹೊಸ್ತಿಲಲ್ಲಿದ್ದೇವೆ. ಅನ್ನ, ಸಿಹಿ ತಗ್ಗಿಸಿ ನಡಿಗೆ ಹೆಚ್ಚಿಸಿದರೆ ಹಲವರು ಅಲ್ಲಿಂದಲೇ ಹಿಂದಿರುಗಬಹುದು. 6.5 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷಿಸಿ, ಚಿಕಿತ್ಸೆ ತಡಮಾಡುವುದು ಬೇಡ.